ಶಾಲೆಗೆ ಇಂಟರ್ನೆಟ್ ಬಂತು, ಅಂಕ ಯಾಕೆ ಏರಲಿಲ್ಲ?

ಪ್ರಶ್ನೆ: ನಮ್ಮೂರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಇಂಟರ್ನೆಟ್ ಬಂದು ವರ್ಷವಾಯಿತು. ಮಕ್ಕಳ ಅಂಕ ಇದ್ದಲ್ಲೇ ಇದೆ. ಸುಮ್ಮನೆ ಬಿಲ್ ಕಟ್ಟುವುದೇಕೆ, ತೆಗೆಸೋಣ ಎಂದು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಮಾತು ಬಂದಿದೆ. ಏನು ಮಾಡುವುದು?

ಉತ್ತರ: ತೆಗೆಸಬೇಡಿ. ಊರಿನ ಹೆಸರು ಬದಲಾಯಿಸಿಕೊಂಡು ಇದೇ ಪ್ರಶ್ನೆ ಬರುತ್ತಲೇ ಇರುತ್ತದೆ. ಮಕ್ಕಳು ವಾರಕ್ಕೆ ಎಷ್ಟು ಪೀರಿಯಡ್ ಕಂಪ್ಯೂಟರ್ ಮುಂದೆ ಕೂತರು ಎಂದು ಮಾತ್ರ ಒಬ್ಬರೂ ಬರೆಯುವುದಿಲ್ಲ.

ಪೆರು ದೇಶದಲ್ಲಿ ಫಲ ಸಿಗದಿದ್ದದ್ದು, ಸಿಕ್ಕಿದ್ದು ಎರಡೂ ಆಗಿದೆ. ಹಳ್ಳಿ ಶಾಲೆಯ ಮಕ್ಕಳ ಕೈಗೆ ಲ್ಯಾಪ್‌ಟಾಪ್ ಕೊಟ್ಟು 319 ಶಾಲೆಗಳಲ್ಲಿ ಅಳೆದು ನೋಡಿದರು. ಗಣಿತ, ಭಾಷೆ ಎರಡರಲ್ಲೂ ಫಲ ಶೂನ್ಯ. ಅದೇ ದೇಶದಲ್ಲಿ 2007ರ ನಂತರ ಇಂಟರ್ನೆಟ್ ಬಂದ ಸರ್ಕಾರಿ ಪ್ರಾಥಮಿಕ ಶಾಲೆಗಳನ್ನು ನೋಡಿದಾಗ ಗಣಿತದ ಅಂಕ ಮೊದಲು ತುಸು ಏರಿತ್ತು, ವರ್ಷ ಕಳೆದಂತೆ ಇನ್ನಷ್ಟು ಏರಿತ್ತು. ನಡುವೆ ಆ ಶಾಲೆಗಳು ಕಂಪ್ಯೂಟರ್ ಬಲ್ಲ ಶಿಕ್ಷಕರನ್ನು ತಂದುಕೊಂಡಿದ್ದವು. ನಿಮ್ಮದು ಇನ್ನೂ ಒಂದು ವರ್ಷ!

ನಾನು ಕಾಣುವ ಲ್ಯಾಬ್‌ಗಳ ಕಥೆ ಬೇರೆ. ಬಾಗಿಲಿಗೆ ಬೀಗ, ಕೀ ಹೆಡ್‌ಮಾಸ್ಟರ ಡ್ರಾಯರಿನಲ್ಲಿ. ಕೀಬೋರ್ಡಿನ ಪ್ಲಾಸ್ಟಿಕ್ ಕವರ್ ಸಹ ತೆಗೆದಿಲ್ಲ, ಯುಪಿಎಸ್ ಬ್ಯಾಟರಿ ಉಬ್ಬಿ ಕೂತಿದೆ. ಇಂಟರ್ನೆಟ್ ಓಡುವುದು ಆಫೀಸ್ ರೂಮಿನಲ್ಲಿ, ಬಿಸಿಯೂಟದ ಲೆಕ್ಕಕ್ಕೆ, ಮಕ್ಕಳ ದಾಖಲೆಯ ಸ್ಯಾಟ್ಸ್ ಎಂಟ್ರಿಗೆ. ಇದರಿಂದ ಐದನೇ ಕ್ಲಾಸಿನ ಹುಡುಗಿಗೆ ಭಾಗಾಕಾರ ಬರಬೇಕೆಂದರೆ ಹೇಗೆ?

ಸಭೆಯಲ್ಲಿ ಕೇಳಬೇಕಾದ್ದು ಇದು: ಲ್ಯಾಬ್ ಪೀರಿಯಡ್ ಟೈಮ್‌ಟೇಬಲ್‌ನಲ್ಲಿ ಇದೆಯೇ, ಯಾವ ಶಿಕ್ಷಕರ ಹೆಸರಿನಲ್ಲಿ? ಬ್ಯಾಟರಿಗೆ ದುಡ್ಡು ಎಲ್ಲಿಂದ? ಗಣಿತದಿಂದಲೇ ಶುರು ಮಾಡಿ, ಮಗು ಇರುವ ಮಟ್ಟದಿಂದ. ದೆಹಲಿಯಲ್ಲಿ ಹಿಂದುಳಿದ ಮಕ್ಕಳಿಗೆ ಶಾಲೆ ಬಿಟ್ಟ ಮೇಲೆ 45 ನಿಮಿಷ ಅವರವರ ಮಟ್ಟದ ಲೆಕ್ಕ ಕೊಡುವ ಸಾಫ್ಟ್‌ವೇರ್, 45 ನಿಮಿಷ ಸಣ್ಣ ಗುಂಪಿಗೆ ಪಾಠ ಮಾಡುವ ಮೇಷ್ಟ್ರು. ನಾಲ್ಕೂವರೆ ತಿಂಗಳಲ್ಲಿ ಫಲ ಕಂಡಿತು. ದೊಡ್ಡ ಪರದೆಯಲ್ಲಿ ಯೂಟ್ಯೂಬ್ ಹಚ್ಚಿ ಹೊರಗೆ ಚಹಾಕ್ಕೆ ಹೋಗುವುದಕ್ಕೆ ಸ್ಮಾರ್ಟ್ ಕ್ಲಾಸ್ ಎನ್ನಬೇಡಿ.

ಪ್ರಶ್ನೆ: ವೈಫೈ ವಿಕಿರಣದಿಂದ ಮಕ್ಕಳ ನೆನಪಿನ ಶಕ್ತಿ ಹೋಗುತ್ತದೆಯೇ?

ಉತ್ತರ: ಇಲ್ಲ. ರಾತ್ರಿ ಹನ್ನೊಂದರವರೆಗೆ ರೀಲ್ಸ್ ನೋಡಿದರೆ ನಿದ್ದೆ ಹೋಗುತ್ತದೆ, ಅದನ್ನು ತಪ್ಪಿಸಿ.

ಪ್ರಶ್ನೆ: ಕಣ್ಣಿಗೆ ಬಟ್ಟೆ ಕಟ್ಟಿ ಓದಿಸುವ ‘ಮಿಡ್‌ಬ್ರೈನ್’ ಕೋರ್ಸನ್ನು ಈಗ ಆನ್‌ಲೈನ್‌ನಲ್ಲೂ ಕೊಡುತ್ತಾರಂತೆ, ಸೇರಿಸಲೇ?

ಉತ್ತರ: ಮೂಗಿನ ಪಕ್ಕದ ಸಂದಿಯಿಂದ ಇಣುಕಿ ಓದುವುದಕ್ಕೆ ಫೀಸು ಕಟ್ಟುತ್ತೀರಾ? ಆ ದುಡ್ಡಿನಲ್ಲಿ ಶಾಲೆಯ ಯುಪಿಎಸ್‌ಗೆ ಬ್ಯಾಟರಿ ಹಾಕಿಸಿ.