ಗ್ರೀಕ್ ಪುರಾಣದ ಒಕ್ಕಣ್ಣ ದೈತ್ಯರ (ಸೈಕ್ಲೋಪ್ಸ್) ಕಲ್ಪನೆ ಹುಟ್ಟಿದ್ದು ಹೇಗೆ?

ಆನೆಯ ತಲೆಬುರುಡೆಯನ್ನು ನೋಡಿ ಎಂಬುದು ಹೆಚ್ಚು ಪ್ರಚಲಿತವಾದ ಉತ್ತರ. ಆದರೆ ಅದು ಜಾಣ ಊಹೆಯೇ ಹೊರತು ಸಾಬೀತಾದ ಸಂಗತಿಯಲ್ಲ. ಆಸ್ಟ್ರಿಯಾದ ಪಳೆಯುಳಿಕೆ ತಜ್ಞ ಒಥೇನಿಯೊ ಆಬೆಲ್ 1914ರಲ್ಲಿ ಇದನ್ನು ಮುಂದಿಟ್ಟರು.

ಸಿಸಿಲಿ ದ್ವೀಪದ ಗುಹೆಗಳಲ್ಲಿ ಕುಳ್ಳ ಆನೆಗಳ ಪಳೆಯುಳಿಕೆಗಳು ಸಿಕ್ಕಿವೆ. ಅವುಗಳಲ್ಲಿ ಒಂದು ಜಾತಿ ಪೂರ್ತಿ ಬೆಳೆದರೂ ಸುಮಾರು ಒಂದು ಮೀಟರ್ ಎತ್ತರವಷ್ಟೇ. ಆನೆಯ ಬುರುಡೆಯನ್ನು ಎದುರಿನಿಂದ ನೋಡಿದರೆ ನಡುಹಣೆಯಲ್ಲಿ ದೊಡ್ಡದೊಂದು ಕುಳಿ ಕಾಣುತ್ತದೆ. ಅದು ಸೊಂಡಿಲು ಶುರುವಾಗುವ ಕಡೆಯ ಮೂಗಿನ ರಂಧ್ರ. ನಿಜವಾದ ಕಣ್ಣುಗುಳಿಗಳು ಪಕ್ಕಕ್ಕಿದ್ದು, ಥಟ್ಟನೆ ಗಮನಕ್ಕೆ ಬರುವುದಿಲ್ಲ. ಸೊಂಡಿಲಿಗೆ ಮೂಳೆಯೇ ಇಲ್ಲದ್ದರಿಂದ ಕೊಳೆತ ಮೇಲೆ ಅದರ ಗುರುತೂ ಉಳಿಯುವುದಿಲ್ಲ. ಆನೆಯನ್ನೇ ಕಾಣದವನು ಆ ಕುಳಿಯನ್ನು ಕಣ್ಣೆಂದುಕೊಂಡರೆ ಆಶ್ಚರ್ಯವೇನು?

ನನಗೆ ಕಾಣುವ ತೊಡಕು ಬೇರೆ. ಪ್ರಾಚೀನ ಗ್ರೀಕ್ ಕವಿ ಹೆಸಿಯೋಡನ ಕಾವ್ಯದ ಮೂವರು ಸೈಕ್ಲೋಪ್ಸ್‌ಗಳು ದೇವತೆಗಳ ರಾಜ ಜ್ಯೂಸ್‌ಗೆ ಸಿಡಿಲನ್ನು ಕೊಟ್ಟವರು. ಹಣೆಯ ಒಂದೇ ದುಂಡುಗಣ್ಣಿನಿಂದ ಆ ಹೆಸರು ಬಂತೆಂದು ಆತ ಹೇಳುತ್ತಾನೆ. ಅಲ್ಲಿ ಸಿಸಿಲಿಯೂ ಇಲ್ಲ, ಬುರುಡೆಯೂ ಇಲ್ಲ. ಇನ್ನೊಬ್ಬ ಗ್ರೀಕ್ ಕವಿ ಹೋಮರನಂತೂ ತನ್ನ ಕಾವ್ಯದ ಸೈಕ್ಲೋಪ್ಸ್ ಪಾಲಿಫೀಮಸ್‌ಗೆ ಎಷ್ಟು ಕಣ್ಣೆಂದು ಎಲ್ಲಿಯೂ ನೇರವಾಗಿ ಹೇಳುವುದಿಲ್ಲ. ಕಾಯಿಸಿದ ಒಂದೇ ಗೂಟದಿಂದ ಆ ದೈತ್ಯ ಕುರುಡನಾದದ್ದರಿಂದ ಅವನಿಗೆ ಒಂದೇ ಕಣ್ಣೆಂದು ನಾವು ಲೆಕ್ಕ ಹಾಕಿಕೊಳ್ಳಬೇಕು.