ಹೊಳೆ ಏರಿದಾಗ ಊರು ಬಿಡಿಸಿದರೆ ಮನೆ ಕಾಯೋರು ಯಾರು?

ಪ್ರಶ್ನೆ: ನಮ್ಮದು ಗೋಕಾಕ ತಾಲೂಕು, ಘಟಪ್ರಭಾ ದಂಡೆಯ ಊರು. ನೆರೆ ಬಂದಾಗ ತಹಶೀಲ್ದಾರರು, ಪೊಲೀಸರು ಬಂದು ಮನೆ ಖಾಲಿ ಮಾಡಿ ಅಂತಾರೆ. ಎಮ್ಮೆ, ಕಾಳಿನ ಚೀಲ ಬಿಟ್ಟು ಹೆಂಗ ಹೋಗೋದು? ಒಲ್ಲೆ ಅಂದ್ರೆ ಕೇಸ್ ಹಾಕ್ತಾರಾ? ಟ್ರ್ಯಾಕ್ಟರ್ ಒಯ್ದರೆ ಬಾಡಿಗೆ ಸಿಗ್ತದಾ?

ಉತ್ತರ: ಕೇಸ್ ಹಾಕಬಹುದು. ವಿಪತ್ತು ನಿರ್ವಹಣಾ ಕಾಯ್ದೆ 2005ರ 34ನೇ ಕಲಂ ಪ್ರಕಾರ, ನೆರೆ ಪ್ರದೇಶದಲ್ಲಿ ಜನರ ಓಡಾಟ ನಿಯಂತ್ರಿಸುವ ಅಧಿಕಾರ ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಜಿಲ್ಲಾ ಪ್ರಾಧಿಕಾರಕ್ಕಿದೆ. ಸಕಾರಣವಿಲ್ಲದೆ ಆದೇಶ ಮೀರಿದರೆ 51ನೇ ಕಲಂನಲ್ಲಿ ಒಂದು ವರ್ಷದವರೆಗೆ ಜೈಲು. ಅದರಿಂದ ಜೀವಹಾನಿಯಾದರೆ ಎರಡು ವರ್ಷದವರೆಗೆ. ಹಾಗಂತ ಕೇಸಿಗೆ ಹೆದರಿ ಹೊರಡಬೇಡಿ, ನೀರಿಗೆ ಹೆದರಿ ಹೊರಡಿ. ಹಿಡಕಲ್ ಅಣೆಕಟ್ಟಿನಿಂದ ಬಿಟ್ಟ ನೀರಿಗೆ ಗೋಕಾಕದ ಹತ್ತಿರ ಮಾರ್ಕಂಡೇಯ ನದಿಯೂ ಕೂಡಿದರೆ ಹೊರಬೀಳುವ ದಾರಿಯೇ ಮೊದಲು ಮುಳುಗುತ್ತದೆ. ಹಿಂದೆ ಉಳಿದ ಒಬ್ಬರಿಗಾಗಿ ರಾತ್ರಿ ಬೋಟ್ ಇಳಿಸಿದರೆ ರಕ್ಷಣಾ ಸಿಬ್ಬಂದಿಯ ಜೀವವೂ ಅಪಾಯಕ್ಕೆ ಬೀಳುತ್ತದೆ.

ಇರುವ ಪೊಲೀಸರು ಮೊದಲು ಜನರನ್ನು ಸಾಗಿಸಲು, ಮುಳುಗಿದ ಸೇತುವೆಗೆ ಬ್ಯಾರಿಕೇಡ್ ಹಾಕಲು ಹೋಗುತ್ತಾರೆ. ಮನೆ ಕಾವಲು ಆಮೇಲೆ. ಆ ಕ್ರಮ ಸರಿಯೇ, ಆದರೆ ಕಳ್ಳರು ನುಗ್ಗುವುದೂ ಆ ಹೊತ್ತಿಗೇ. ಆದ್ದರಿಂದ ಬಂಗಾರ, ಪಾಸ್‌ಬುಕ್, ಪಹಣಿ ಜೊತೆಗೇ ಒಯ್ಯಿರಿ. ಬೀಗ ಹಾಕಿದ ಮನೆಗಳ ಪಟ್ಟಿಯನ್ನು ಊರಿನವರೆಲ್ಲ ಸೇರಿ ಬರೆದು ಠಾಣೆಗೆ ಕೊಟ್ಟು, ಗಸ್ತು ಕೇಳಿ, ಸ್ವೀಕೃತಿ ಪಡೆಯಿರಿ. ಕಳವಾದರೆ ಕಾಳಜಿ ಕೇಂದ್ರದ (ನೆರೆ ಸಂತ್ರಸ್ತರ ಆಶ್ರಯ ಕೇಂದ್ರದ) ಹತ್ತಿರದ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ನಮ್ಮ ಹದ್ದಲ್ಲ ಅನ್ನುವಂತಿಲ್ಲ. ಮನೆಯೊಳಗಿನ ಕಳವಿಗೆ ಭಾರತೀಯ ನ್ಯಾಯ ಸಂಹಿತೆಯ 305ನೇ ಕಲಂನಲ್ಲಿ ಏಳು ವರ್ಷದವರೆಗೆ ಶಿಕ್ಷೆ ಇದೆ.

ದನಗಳನ್ನು ಕಟ್ಟಿಹಾಕಿ ಹೋಗಬೇಡಿ. ಒಯ್ಯಲಾಗದಿದ್ದರೆ ಹಗ್ಗ ಬಿಚ್ಚಿ. ಬಿಡಿಸಿಟ್ಟ ಎಮ್ಮೆ ಈಜಿ ದಡ ಸೇರಬಹುದು. ಸರ್ಕಾರದ ವಿಪತ್ತು ಪರಿಹಾರದ 2022-26ರ ಮಾನದಂಡದಲ್ಲಿ ಸತ್ತ ಹಾಲು ಕೊಡುವ ಎಮ್ಮೆಗೆ 37,500 ರೂಪಾಯಿ ಇತ್ತು. ದನದ ಕಿವಿಗೆ ಹಾಕಿದ ಟ್ಯಾಗಿನ ಸಂಖ್ಯೆ ಕಾಣುವಂತೆ ಫೋಟೊ ತೆಗೆದಿಡಿ, ಪಶುವೈದ್ಯರಿಗೆ ತೋರಿಸದೆ ಹೂಳಬೇಡಿ. ಗೋಡೆಯ ಮೇಲಿನ ಕೆಸರಿನ ಗೆರೆಯನ್ನೂ ಫೋಟೊ ತೆಗೆಯುವ ಮೊದಲು ತೊಳೆಯಬೇಡಿ, ಪಂಚನಾಮೆಗೆ ಅದೇ ಸಾಕ್ಷಿ.

ಟ್ರ್ಯಾಕ್ಟರ್ ಕೇಳಿದರೆ ಕೊಡಲೇಬೇಕು, ಆದರೆ ವಿಪತ್ತು ನಿರ್ವಹಣಾ ಕಾಯ್ದೆಯ 65ನೇ ಕಲಂ ಪ್ರಕಾರ ಅದಕ್ಕೆ ಲಿಖಿತ ಆದೇಶ ಇರಬೇಕು. ಸ್ಥಳೀಯ ಬಾಡಿಗೆ ದರದಲ್ಲಿ ಪರಿಹಾರ ಕೊಡುವುದು 66ನೇ ಕಲಂ. ಕೊಟ್ಟ ದಿನ, ಗಂಟೆ, ಮೀಟರ್ ಅಂಕಿ, ಡೀಸೆಲ್ ಮಟ್ಟವನ್ನು ಆದೇಶದ ಹಿಂದೆಯೇ ಬರೆಸಿ ಸಹಿ ಹಾಕಿಸಿ. ಬಾಯಿಮಾತಿನಲ್ಲಿ ಕೊಟ್ಟ ಗಾಡಿಯ ಬಾಡಿಗೆ ವಸೂಲಿ ಮಾಡುವುದು ಬಹಳ ಕಷ್ಟ.