ಕತ್ತರಿಸಿದ್ದು ನಾವು

(ಕಾಸರಗೋಡಿನ ಮುಳ್ಳೇರಿಯ ಕಡೆಯ ನಿವೃತ್ತ ಅಧ್ಯಾಪಕರೊಬ್ಬರ ಪತ್ರದಿಂದ: “ಕಳೆದ ಸಂಚಿಕೆಯ ಮುಖಪುಟದಲ್ಲಿ ದೈವದ ಬಣ್ಣ ಹಚ್ಚಿದವನ ಬಾಯಿಗೆ ಬೀಡಿ ಇಟ್ಟಿದ್ದೀರಿ. ನಮ್ಮ ತರವಾಡು ಮನೆಯಲ್ಲಿ ತಲೆತಲಾಂತರದಿಂದ ದೈವದ ಉತ್ಸವ, ನೇಮ ನಡೆಯುತ್ತದೆ. ನನ್ನ ಅಮ್ಮ ಮುಖಪುಟ ನೋಡಿ ಪತ್ರಿಕೆಯನ್ನು ಮಗುಚಿ ಇಟ್ಟರು. ಚಿತ್ರವನ್ನು ಹಿಂತೆಗೆದುಕೊಳ್ಳಿ, ನೀವೂ ಕಲಾವಿದರೂ ಕ್ಷಮೆ ಕೇಳಿ. ಊರಿನ ಹುಡುಗರು ಪೊಲೀಸರಿಗೆ ದೂರು ಕೊಡುವ ಮಾತಾಡುತ್ತಿದ್ದಾರೆ.”)

ಪ್ರೀತಿಯ ಮಾಷ್ಟ್ರೇ,

ನಿಮ್ಮ ಪತ್ರ ಬಂದು ಮೂರು ವಾರವಾಯಿತು. ಉತ್ತರ ತಡವಾದದ್ದಕ್ಕೆ ಕಾರಣ, ಅಮ್ಮ ಪತ್ರಿಕೆ ಮಗುಚಿ ಇಟ್ಟರು ಎಂಬ ಆ ಸಾಲು. ದೂರಿನ ಮಾತಿಗೆ ಅವತ್ತೇ ಉತ್ತರ ಬರೆಯಬಹುದಿತ್ತು. ಇದಕ್ಕೆ ಆಗಲಿಲ್ಲ.

ಮೊದಲು ನಮ್ಮ ತಪ್ಪು ಹೇಳುತ್ತೇನೆ. ಕಲಾವಿದರು ಕೊಟ್ಟ ಚಿತ್ರ ನೀವು ನೋಡಿದಷ್ಟೇ ಅಲ್ಲ. ನೇಮ ಮುಗಿದ ಬೆಳಗಿನ ಜಾವ. ಮುಖದ ಅರ್ಧ ಭಾಗದ ಅರದಾಳದ ಬಣ್ಣವನ್ನು ತೆಂಗಿನೆಣ್ಣೆ ಹಾಕಿ ಒರೆಸಿಯಾಗಿದೆ, ಇನ್ನರ್ಧ ಹಾಗೇ ಇದೆ. ತೆಂಗಿನ ಗರಿಯ ಉಡುಗೆ, ಸಿರಿ, ಬಾಡಿ ಪಕ್ಕದಲ್ಲಿ ರಾಶಿ ಬಿದ್ದಿದೆ. ಬಾಯಲ್ಲಿ ಬೀಡಿ, ತೊಡೆಯ ಮೇಲೆ ನಿದ್ದೆಹೋದ ಸಣ್ಣ ಮಗಳು, ಅವಳ ತಲೆಯ ಮೇಲೆ ಅವನ ಕೈ. ಮುಖಪುಟಕ್ಕೆ ಹೊಂದಿಸುವಾಗ ಪತ್ರಿಕೆಯ ಹೆಸರಿಗೆ ಜಾಗ ಬೇಕೆಂದು ನಾವು ಕೆಳಗಿನ ಅರ್ಧವನ್ನು ಕತ್ತರಿಸಿದೆವು. ಮಗು ಹೋಯಿತು, ಸಿರಿ ಹೋಯಿತು, ಬಣ್ಣ ಮತ್ತು ಬೀಡಿ ಉಳಿದವು. ಕಲಾವಿದರನ್ನು ಕೇಳದೆ ಮಾಡಿದ ಕೆಲಸ ಅದು. ಅದಕ್ಕಾಗಿ ಅವರಲ್ಲಿಯೂ ನಿಮ್ಮ ಅಮ್ಮನಲ್ಲಿಯೂ ಕ್ಷಮೆ ಕೇಳುತ್ತೇನೆ.

ಅಷ್ಟಕ್ಕೇ ನಿಲ್ಲದೆ, ಪೂರ್ತಿ ಚಿತ್ರ ಹಿಡಿದುಕೊಂಡು ಪೈವಳಿಕೆಯ ಆಚೆಗೆ ಹೋದೆ. ಅಲ್ಲಿ ಒಬ್ಬರಿದ್ದಾರೆ, ನಲ್ವತ್ತು ವರ್ಷಕ್ಕೂ ಮಿಕ್ಕಿ ದೈವ ಕಟ್ಟಿದವರು. ಚಿತ್ರವನ್ನು ಜಗಲಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಬೀಡಿಯ ಬಗ್ಗೆ ಹೇಳುತ್ತಾರೆಂದು ಕಾದೆ. ಅವರ ಬೆರಳು ಹೋದದ್ದು ಕಾಲಿನ ಕಡಗದ ಹತ್ತಿರಕ್ಕೆ. “ಗಗ್ಗರ ಕಾಲಲ್ಲಿ ಉಂಟಲ್ಲ. ಅದು ಇರುವಷ್ಟು ಹೊತ್ತು ನಾನು ನಾನಲ್ಲ. ಬಿಚ್ಚಿ ಕೊಟ್ಟ ಮೇಲೆ ಬೀಡಿಯೂ ಉಂಟು, ಗಂಜಿಯೂ ಉಂಟು. ಇದೊಂದು ತಪ್ಪಿದ್ದು,” ಅಂದರು. ಆಮೇಲೆ ಆ ಮಗುವನ್ನು ನೋಡಿ, “ನನ್ನ ಮಗಳೂ ಹೀಗೇ ಮಲಗುತ್ತಿದ್ದಳು,” ಅಂದರು.

ಮುಖಪುಟದಲ್ಲಿ ಕಾಲು ಕಾಣದ್ದರಿಂದ ನಿಮಗೆ ಈ ತಪ್ಪು ಕಂಡಿರಲಾರದು. ಕಲಾವಿದರಿಗೂ ಕಂಡಿರಲಿಲ್ಲ. ನೇಮಗಳ ಕಾಲ ಮುಗಿಯುವ ಪತ್ತನಾಜೆಗೆ ಮೊದಲು ಮೂರು ನೇಮಗಳಲ್ಲಿ ರಾತ್ರಿಯಿಡೀ ಕೂತು, ಕೇಳಿಯೇ ಗೆರೆ ಎಳೆದವರು ಅವರು. ಆದರೂ ಮಾತು ಕೇಳಿದೊಡನೆ ಒಪ್ಪಿದರು. ಗಗ್ಗರವನ್ನು ಬಿಚ್ಚಿ ಬಾಳೆಲೆಯ ಮೇಲೆ ಇಟ್ಟಂತೆ ತಿದ್ದಿ ಕೊಟ್ಟಿದ್ದಾರೆ. ಬೀಡಿಯನ್ನು ತೆಗೆಯಲು ಒಪ್ಪಲಿಲ್ಲ. ನಾನು ತೆಗೆಯಲು ಹೇಳಲೂ ಇಲ್ಲ.

ಯಾಕೆಂದು ಹೇಳುತ್ತೇನೆ. ಅರದಾಳ ಬರೀ ಹಳದಿ ಬಣ್ಣವಲ್ಲ, ಆರ್ಸೆನಿಕ್ ಇರುವ ಖನಿಜ. ಅದನ್ನು ಮುಖಕ್ಕೆ ಹಚ್ಚಿಕೊಂಡು, ಬೆನ್ನಿಗೆ ಕಟ್ಟಿದ ಅಣಿಯ ಭಾರ ಹೊತ್ತು, ದೊಂದಿಯ ಬಿಸಿಗೆ ಮೈಯೊಡ್ಡಿ ಬೆಳಗಿನವರೆಗೆ ಕುಣಿದ ಮನುಷ್ಯನ ದಣಿವಿನ ಚಿತ್ರ ಇದು. ರಾತ್ರಿ ಅವನ ಮುಂದೆ ಊರಿನ ದೊಡ್ಡ ಮನೆತನವಾದ ಗುತ್ತಿನ ಯಜಮಾನರೂ ಕೈಮುಗಿದು ನಿಲ್ಲುತ್ತಾರೆ. ಬೆಳಗಾದ ಮೇಲೆ ಅವನು ಎಲ್ಲಿ ಕೂರುತ್ತಿದ್ದ, ಯಾವುದರಲ್ಲಿ ಚಹಾ ಕುಡಿಯುತ್ತಿದ್ದ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು. ನನ್ನ ಬಾಲ್ಯದ ಮನೆಯಲ್ಲಿ ಅವರಿಗೆಂದೇ ಒಂದು ತೆಂಗಿನ ಗೆರಟೆ ಅಂಗಳದ ಬದಿಯಲ್ಲಿ ಇರುತ್ತಿತ್ತು. ಈ ಚಿತ್ರ ನೋಡಿದಾಗ ನನಗೆ ಮೊದಲು ಕಸಿವಿಸಿಯಾದದ್ದು ಆ ಗೆರಟೆಯ ನೆನಪಿನಿಂದ, ಬೀಡಿಯಿಂದಲ್ಲ. ನಿಮ್ಮ ಮನೆಯ ಮಾತು ನನಗೆ ಗೊತ್ತಿಲ್ಲ, ನಮ್ಮ ಮನೆಯದ್ದು ಹೇಳಿದೆ.

ಈ ಜಾತಿಯ ಪ್ರಶ್ನೆ ಕಲಾವಿದರು ಹುಟ್ಟಿಸಿದ್ದೂ ಅಲ್ಲ. ಚಂದ್ರಗಿರಿ ಹೊಳೆ ದಾಟಿ ತೆಂಕಲಿಗೆ ಹೋದರೆ ಪೊಟ್ಟನ್ ತೆಯ್ಯ ಎಂಬ ದೈವ ಕೆಂಡದ ಮೇಲೆ ಒರಗಿ ಕೇಳುವುದು ಇದನ್ನೇ: ನಿಮ್ಮನ್ನು ಕೊಯ್ದರೂ ನೆತ್ತರು, ನಮ್ಮನ್ನು ಕೊಯ್ದರೂ ನೆತ್ತರು, ಮತ್ತೆ ಯಾವ ಕುಲದ ಮಾತು? ಐತಿಹ್ಯದಲ್ಲಿ ಆ ಪ್ರಶ್ನೆ ಎದುರಾಗುವುದು ಶಂಕರಾಚಾರ್ಯರಿಗೆ. ದೈವವೇ ಆಡುವ ಮಾತನ್ನು ಚಿತ್ರಗಾರ ಆಡಬಾರದೆಂದರೆ ನನಗೆ ಒಪ್ಪಲಾಗದು.

ನೀವು ತಾಳಮದ್ದಳೆ, ಆ ವೇಷವಿಲ್ಲದ ಮಾತಿನ ಯಕ್ಷಗಾನ, ಕೇಳಿ ಬೆಳೆದವರು. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ನಮ್ಮದು, ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ ಕೇಳಿದ ಕಿವಿ ನಮ್ಮದು. ಬಾಣ ತಾಗಿ ಬಿದ್ದ ವಾಲಿ ರಾಮನನ್ನು, ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ ಎಂದು ಕೇಳುತ್ತಾನೆ. ದೇವಸ್ಥಾನದ ಅಂಗಳದಲ್ಲೇ ಕೇಳುತ್ತಾನೆ. ರಾಮಭಕ್ತರೇ ತುಂಬಿದ ಸಭೆ ತಲೆದೂಗುತ್ತದೆ. ರಾಮನ ಅರ್ಥಧಾರಿ ತನ್ನ ಸರದಿ ಬಂದಾಗ ಉತ್ತರ ಕೊಡುತ್ತಾನೆ. ವಾಲಿಯ ಬಾಯಿ ಮುಚ್ಚಿಸಿ ರಾಮನನ್ನು ಗೆಲ್ಲಿಸಿದ ಕೂಟ ನಾನೊಂದೂ ಕಂಡಿಲ್ಲ.

ಇದೇ ಕೇರಳದಲ್ಲಿ 2018ರ ಜುಲೈಯಲ್ಲಿ ಏನಾಯಿತು ನೋಡಿ. ಎಸ್. ಹರೀಶರ ಮಲಯಾಳಂ ಕಾದಂಬರಿ ‘ಮೀಶ’ ಮಾತೃಭೂಮಿ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರುತ್ತಿತ್ತು. ದೇವಸ್ಥಾನಕ್ಕೆ ಹೋಗುವ ಹೆಂಗಸರ ಬಗ್ಗೆ ಒಂದು ಪಾತ್ರ ಆಡಿದ ಮಾತನ್ನು ಲೇಖಕನ ಮಾತೆಂದೇ ಹಿಡಿದು ಬೆದರಿಕೆ ಹಾಕಿದರು, ಮನೆಯವರನ್ನೂ ಬಿಡಲಿಲ್ಲ. ಮೂರು ಕಂತಿಗೆ ಹರೀಶರು ಕಾದಂಬರಿಯನ್ನು ಹಿಂತೆಗೆದುಕೊಂಡರು. ಆಗಸ್ಟಿನಲ್ಲಿ ಪುಸ್ತಕ ಬಂತು, ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ನಿಷೇಧದ ಅರ್ಜಿಯನ್ನೂ ವಜಾ ಮಾಡಿತು. ಆದರೆ ವಾರವಾರ ಓದಲೆಂದು ಬರೆದದ್ದು ವಾರಪತ್ರಿಕೆಯಲ್ಲಿ ನಿಂತೇಹೋಯಿತು. ಪತ್ರಿಕೆ ನಡೆಸುವ ನನಗೆ ಆ ಖಾಲಿ ಪುಟಗಳು ಇಂದಿಗೂ ನೋವು ಕೊಡುತ್ತವೆ. ಅದಕ್ಕೂ ಮೂರು ವರ್ಷ ಮೊದಲು ತಮಿಳುನಾಡಿನ ಕಾದಂಬರಿಕಾರ ಪೆರುಮಾಳ್ ಮುರುಗನ್ ಇಂಥದ್ದೇ ವಿರೋಧಕ್ಕೆ ಸಿಕ್ಕಿ ತನ್ನೊಳಗಿನ ಲೇಖಕ ಸತ್ತನೆಂದೇ ಘೋಷಿಸಿದ್ದರು. 2016ರಲ್ಲಿ ಮದ್ರಾಸ್ ಹೈಕೋರ್ಟು, ಲೇಖಕ ಮತ್ತೆ ಎದ್ದು ಬರೆಯಲಿ ಎಂದಿತು.

ಹುಡುಗರು ದೂರು ಕೊಟ್ಟರೆ ಕೊಡಲಿ. ಧರ್ಮದ ಅವಮಾನದ ಬಗ್ಗೆ ಭಾರತೀಯ ದಂಡ ಸಂಹಿತೆಯಲ್ಲಿ 1927ರಲ್ಲಿ ಬಂದ 295ಎ ಕಲಮು, ಈಗಿನ ಭಾರತೀಯ ನ್ಯಾಯ ಸಂಹಿತೆಯ 299, ಬೇಕೆಂದೇ ದುರುದ್ದೇಶದಿಂದ ಮಾಡಿದ ಅವಮಾನದ ಮಾತಾಡುತ್ತದೆ. ಅಂಥದ್ದು ಇಲ್ಲಿಲ್ಲ.

ಹಾಗೆಂದು ನೊಂದೆವು ಎನ್ನುವವರ ಮಾತು ಯಾವಾಗಲೂ ಹುಸಿ ಎನ್ನಲಾರೆ. ಸಿನಿಮಾ ನೋಡಿ ಬಂದವರು ದೈವದ ವೇಷ ಹಾಕಿ ಥಿಯೇಟರಿನ ಅಂಗಳದಲ್ಲೂ ವೇದಿಕೆಗಳಲ್ಲೂ ಕುಣಿದಾಗ ದೈವನರ್ತಕರು ಆಕ್ಷೇಪಿಸಿದರು. ನಾನು ಅವರ ಪರವಾಗಿದ್ದೆ, ಈಗಲೂ ಇದ್ದೇನೆ. ಅಲ್ಲಿ ಅವರ ಬದುಕು, ವ್ರತ, ನೋವು ಯಾವುದರ ಗೊಡವೆಯೂ ಇಲ್ಲದೆ ವೇಷವನ್ನಷ್ಟೇ ಎತ್ತಿಕೊಂಡಿದ್ದರು. ಈ ಚಿತ್ರ ವೇಷವನ್ನು ಇಳಿಸಿ ಮನುಷ್ಯನನ್ನು ನೋಡಿದೆ.

ಆದ್ದರಿಂದ ಚಿತ್ರವನ್ನು ಹಿಂತೆಗೆಯುವುದಿಲ್ಲ. ತಿದ್ದಿದ ಚಿತ್ರವನ್ನು ಕತ್ತರಿಸದೆ ಈ ಸಂಚಿಕೆಯ ನಡುಪುಟದಲ್ಲಿ ಹಾಕಿದ್ದೇವೆ. ಮುಂದಿನ ಸಂಚಿಕೆಯಲ್ಲಿ ನಿಮಗಾಗಿ ಎರಡು ಪುಟ ತೆಗೆದಿಟ್ಟಿದ್ದೇನೆ. ನಿಮ್ಮ ತರವಾಡಿನ ನೇಮದ ಬಗ್ಗೆ, ಈ ಚಿತ್ರದ ಬಗ್ಗೆ, ನನ್ನ ಮೇಲಿನ ಸಿಟ್ಟಿನ ಬಗ್ಗೆ, ಏನು ಬೇಕಾದರೂ ಬರೆಯಿರಿ. ಅದಕ್ಕೆ ಮೊದಲು ನಡುಪುಟ ಬಿಡಿಸಿ ಅಮ್ಮನಿಗೆ ತೋರಿಸುತ್ತೀರಾ? ಅವರು ಏನು ಹೇಳುತ್ತಾರೋ ಅದನ್ನೂ ಬರೆಯಿರಿ. ಒಂದಕ್ಷರ ಕತ್ತರಿಸದೆ ಅಚ್ಚು ಹಾಕುತ್ತೇನೆ.

— ಸಂಪಾದಕ